ಹೊಗೆ ಬರ್ತದಾ?

ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಯಲ್ಲಿ, ನಮ್ಮ ಕಡೆ ಬಿಸಿಲು ಕಂಡರೆ ಹಬ್ಬ. ಅಡಿಕೆ ತೋಟ ಇರುವವರಿಗೆ ಹಬ್ಬಕ್ಕಿಂತ ಜಾಸ್ತಿ. ಕೊಳೆರೋಗ ಬರದ ಹಾಗೆ ಗೊನೆಗಳಿಗೆ ಎರಡನೇ ಮದ್ದು ಬಿಡಬೇಕಲ್ಲ! ಮೊದಲನೇದ್ದು ಮಳೆ ಹಿಡಿಯುವ ಹೊತ್ತಿಗೆ ಬಿಟ್ಟದ್ದು. 40-45 ದಿನ ಕಳೆದರೆ ಅದರ ಬಲ ಮುಗಿಯುತ್ತದೆ. ಆಮೇಲೆ ಕೊಳೆರೋಗ ನುಗ್ಗಿದರೆ ಮರದ ಬುಡದಲ್ಲಿ ಉದುರಿದ ಎಳೆಯ ಅಡಿಕೆ ನೋಡುತ್ತಾ ನಿಲ್ಲುವುದೊಂದೇ ಕೆಲಸ.

ಕಳೆದ ಮಳೆಗಾಲದಲ್ಲಿ ಅಂಥ ಒಂದು ಬಿಸಿಲಿನ ಬೆಳಗ್ಗೆ ಸಿಕ್ಕಿತು. ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ. ಮದ್ದು ಬಿಡುವ ಇಬ್ಬರು ಅಡ್ಕಸ್ಥಳದ ಕಡೆಯವರು. ಏಳು ಗಂಟೆಗೆ ಬಂದು ಕರಕೊಂಡು ಹೋಗಿ ಅಂದಿದ್ದರು. ಮರ ಹತ್ತುವವರು ಸಿಗುವುದೇ ಅಪರೂಪ ಈಗ. ಹೇಳಿದ ಹೊತ್ತಿಗೆ ನಾನು ಹೋಗದಿದ್ದರೆ ಅವರನ್ನು ಎತ್ತಿಕೊಂಡು ಹೋಗಲು ಬೇರೆ ತೋಟದವರು ಸಾಲಲ್ಲಿ ನಿಂತಿರುತ್ತಾರೆ. ಮೈಲುತುತ್ತನ್ನು ಒಂದು ಡ್ರಮ್ಮಿನಲ್ಲಿ, ಸುಣ್ಣವನ್ನು ಇನ್ನೊಂದರಲ್ಲಿ ರಾತ್ರಿಯೇ ನೆನೆಹಾಕಿದ್ದೆ. 100 ಲೀಟರ್ ನೀರಿಗೆ ಒಂದೊಂದು ಕಿಲೋ, ಎಲ್ಲರಿಗೂ ಬಾಯಿಪಾಠ ಇರುವ ಲೆಕ್ಕ. ಎರಡನ್ನೂ ಸೇರಿಸಿದರೆ ಅದೇ ದಿನ ಬಿಟ್ಟು ಮುಗಿಸಬೇಕು. ಏನೋ ಪುಣ್ಯ, ಸೇರಿಸಿರಲಿಲ್ಲ.

ಜೀಪ್ ಸ್ಟಾರ್ಟ್ ಆಗಲಿಲ್ಲ.

ಇದು ಹಳೇ ಡೀಸೆಲ್ ಜೀಪ್. ಅಪ್ಪನ ಕಾಲದ್ದು. ಡಿ.ಐ. ಎಂಜಿನ್, ಅಂದರೆ ಡೀಸೆಲನ್ನು ನೇರ ಸಿಲಿಂಡರಿಗೇ ಸಿಂಪಡಿಸುವ ಜಾತಿ. ಸ್ಟಾರ್ಟ್ ಮಾಡುವ ಮೊದಲು ಬಿಸಿ ಮಾಡುವ ಹೀಟರ್ ಪ್ಲಗ್ ಅಂತೆಲ್ಲ ಇಲ್ಲ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ನಿಲ್ಲಿಸಬೇಕಾದರೆ ಸ್ಟಾಪ್ ಕೇಬಲ್ ಎಳೆಯಬೇಕು. ಎರಡು ವಾರದಿಂದ ಮಳೆ ಬಿಡದೆ ಹೊಡೆದದ್ದರಿಂದ ಹೊರಗೆ ತೆಗೆದಿರಲಿಲ್ಲ. ಹೊಸದಾಗಿ ಕಟ್ಟಿದ ಶೆಡ್ಡಿನಲ್ಲಿ ಆರಾಮವಾಗಿ ನಿಂತಿತ್ತು. ಶೆಡ್ ಗುಡ್ಡದ ಬದಿಯಲ್ಲಿ, ನೆಲ ಸ್ವಲ್ಪ ಏರು. ಜೀಪಿನ ಮೂತಿ ಮೇಲೆ, ಬಾಲ ಕೆಳಗೆ. ಇದನ್ನು ನೆನಪಿಟ್ಟುಕೊಳ್ಳಿ. ನಾನು ಅವತ್ತು ನೆನಪಿಟ್ಟುಕೊಳ್ಳಲಿಲ್ಲ.

ಕೀ ತಿರುಗಿಸಿದಾಗ ಎಂಜಿನ್ ಮೊದಲು ನಿಧಾನಕ್ಕೆ ತಿರುಗಿತು. ಸರಿ, ಬ್ಯಾಟರಿ ಅಂದುಕೊಂಡೆ. ವಾಹನ ಸ್ಟಾರ್ಟ್ ಆಗದಿದ್ದರೆ ಎಲ್ಲರೂ ಮೊದಲು ಹಿಡಿಯುವುದು ಬ್ಯಾಟರಿಯ ಕುತ್ತಿಗೆಯನ್ನೇ ಅಲ್ವಾ? ಟರ್ಮಿನಲ್ ಮೇಲೆ ಹಸಿರು ಮಿಶ್ರ ಬಿಳಿ ಹಿಟ್ಟು ಕೂತಿತ್ತು. ಬಿಸಿನೀರು ಹೊಯ್ದು, ಉಜ್ಜಿ, ಬಿಗಿ ಮಾಡಿದೆ. ಅರ್ತ್ ವಯರಿನ ಬೋಲ್ಟನ್ನೂ ಬಿಚ್ಚಿ ತುಕ್ಕು ಕೆರೆದು ಹಾಕಿದೆ. ಮೀಟರ್ ಇಟ್ಟರೆ 12.5 ವೋಲ್ಟ್ ತೋರಿಸಿತು. ಈಗ ಎಂಜಿನ್ ಗಿರಗಿರ ತಿರುಗುತ್ತದೆ, ಆದರೆ ಹತ್ತಿಕೊಳ್ಳುವುದಿಲ್ಲ. ಹತ್ತು ಸೆಕೆಂಡ್ ತಿರುಗಿಸುವುದು, ಒಂದು ನಿಮಿಷ ಬಿಡುವುದು. ಸೆಲ್ಫ್ ಮೋಟರ್ ಬಿಸಿಯಾಗಿ ಸುಟ್ಟರೆ ಇನ್ನೊಂದು ಖರ್ಚು.

ಅಷ್ಟು ಹೊತ್ತಿಗೆ ಆಚೆ ಮನೆಯ ಭಾವ ಬಂದರು. ನಮ್ಮ ಕಡೆ ಒಬ್ಬನ ಗಾಡಿ ಸ್ಟಾರ್ಟ್ ಆಗಲಿಲ್ಲ ಅಂದರೆ ಸುತ್ತಲಿನ ನಾಲ್ಕು ಮನೆಗೆ ಆ ಸದ್ದು ಕೇಳುತ್ತದೆ. ಕೇಳಿದವರು ಬರದೆ ಇರುವುದಿಲ್ಲ. "ಎಂತಾತು ಭಾವ? ಇಳಿಜಾರಿಲಿ ಬಿಟ್ಟು ನೋಡುವನಾ?" ಅಂದರು. ಒಳ್ಳೇ ಐಡಿಯಾ ಅನಿಸಿತು. ಹಿಂದಕ್ಕೆ ಅಂಗಳಕ್ಕೆ ಇಳಿಸಿ, ತಿರುಗಿಸಿ, ಮುರಕಲ್ಲಿನ ರಸ್ತೆಯಲ್ಲಿ ಮೂರನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟೆ. ಜೀಪ್ ದಡದಡ ಇಳಿಯಿತು. ಎಂಜಿನ್ ಚಕ್ರದ ಜೊತೆ ಸುತ್ತಿತು. ಕೆಳಗೆ ತೋಡಿನ ಬದಿಗೆ ಬಂದು ನಿಂತಿತು. ಸುಮ್ನೆ. ಒಂದು ಕೆಮ್ಮು ಕೂಡ ಇಲ್ಲ.

ಅಲ್ಲಿಗೆ ನನಗೆ ಗೊತ್ತಾಗಬೇಕಿತ್ತು. ಸೆಲ್ಫ್ ಮೋಟರಿಗಿಂತ ಜೋರಾಗಿ ಇಳಿಜಾರು ಎಂಜಿನನ್ನು ತಿರುಗಿಸಿದೆ. ಆದರೂ ಹತ್ತಲಿಲ್ಲ ಅಂದರೆ ಬ್ಯಾಟರಿಯನ್ನು ಬೈದು ಪ್ರಯೋಜನವಿಲ್ಲ. ಆದರೆ ನಾನು ಮಾಡಿದ್ದೇನು? ಟ್ರ್ಯಾಕ್ಟರಿನ ಬ್ಯಾಟರಿ ತರಲು ಭಾವನನ್ನು ಕಳಿಸಿದೆ. ಮನುಷ್ಯನಿಗೆ ಒಂದು ಗುಮಾನಿ ಹಿಡಿದರೆ ಹಾಗೆಯೇ.

ಭಾವನ ಮಗ ಬೇರೆ ಮೊಬೈಲಿನಲ್ಲಿ ವಿಡಿಯೋ ತೋರಿಸಿದ. ಬಟ್ಟೆಗೆ ಪೆಟ್ರೋಲ್ ತೋಯಿಸಿ ಗಾಳಿ ಎಳೆಯುವ ಪೈಪಿನ ಬಾಯಿಗೆ ಹಿಡಿದರೆ ಸ್ಟಾರ್ಟ್ ಆಗುತ್ತದಂತೆ. ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಪೆಟ್ರೋಲ್ ಹೊತ್ತಿಗೆ ಮೊದಲೇ ಸಿಡಿದರೆ ಪಿಸ್ಟನ್ನಿಗೆ ಪೆಟ್ಟು, ಬೆಂಕಿ ಹಿಂದಕ್ಕೆ ಬಂದರೆ ಮುಖಕ್ಕೆ. ಬೇಡ ಮಾರಾಯ ಅಂದೆ.

ಎಂಟೂವರೆಗೆ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಅಪ್ಪನ ಕಾಲದಿಂದಲೂ ಈ ಜೀಪಿನ ಕೆಲಸ ಮಾಡುವವರು. ಪ್ರಾಯ ಆಗಿದೆ, ಈಗ ಮನೆಯಲ್ಲೇ ಇರುತ್ತಾರೆ. ನಾನು ಬ್ಯಾಟರಿಯ ಪುರಾಣ ಶುರು ಮಾಡಿದೆ. ಅವರು ಅರ್ಧದಲ್ಲೇ ನಿಲ್ಲಿಸಿ ತುಳುವಿನಲ್ಲಿ ಕೇಳಿದರು.

"ಪುಗೆ ಬರ್ಪುಂಡಾ?"

ಹೊಗೆ ಬರ್ತದಾ? ನಾನು ನೋಡಿರಲೇ ಇಲ್ಲ. ಒಂದೂವರೆ ಗಂಟೆ ಬಾನೆಟ್ ಒಳಗೆ ತಲೆ ಹಾಕಿ ನಿಂತವನು ಹಿಂದಿನ ಸೈಲೆನ್ಸರ್ ಕಡೆ ಒಮ್ಮೆಯೂ ಹೋಗಿರಲಿಲ್ಲ. ಭಾವನ ಮಗನಿಗೆ ಕೀ ತಿರುಗಿಸಲು ಹೇಳಿ ಹಿಂದೆ ಹೋಗಿ ಕೂತೆ. ಏನೂ ಇಲ್ಲ. ಕೈ ಇಟ್ಟರೆ ತಣ್ಣನೆ ಗಾಳಿ, ಡೀಸೆಲ್ ವಾಸನೆಯೂ ಇಲ್ಲ.

"ಇಜ್ಜಿ" ಅಂದೆ. ಇಲ್ಲ ಅಂತ.

"ಹಾಗಾದರೆ ಡೀಸೆಲ್ ಹೋಗ್ತಾ ಇಲ್ಲ. ಬ್ಯಾಟರಿ ಬಿಡು" ಅಂದರು.

ಆಮೇಲೆ ಅವರು ಹೇಳಿದ್ದು ಇಷ್ಟು. ಬಿಳಿ ಹೊಗೆ ಬಂದು ಕಣ್ಣು ಉರಿದರೆ ಡೀಸೆಲ್ ಒಳಗೆ ಹೋಗುತ್ತಿದೆ, ಆದರೆ ಉರಿಯುತ್ತಿಲ್ಲ. ಆಗ ಕಂಪ್ರೆಷನ್, ಟೈಮಿಂಗ್, ಡೀಸೆಲ್ ಸಿಂಪಡಿಸುವ ನೋಝಲ್ ಅಂತ ಹುಡುಕಬೇಕು. ಹೊಗೆಯೇ ಇಲ್ಲ ಅಂದರೆ ಟ್ಯಾಂಕಿನಿಂದ ನೋಝಲ್ ತನಕದ ದಾರಿಯಲ್ಲಿ ಎಲ್ಲೋ ತಡೆ ಇದೆ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಗಾಳಿಯನ್ನು 17-18 ಪಟ್ಟು ಒತ್ತಿದಾಗ ಅದು ತಾನಾಗಿ ಕಾಯುತ್ತದೆ, ಅದರೊಳಗೆ ಡೀಸೆಲ್ ಸಿಂಪಡಿಸಿದರೆ ಹೊತ್ತಿಕೊಳ್ಳುತ್ತದೆ. ಅಷ್ಟೇ ವಿಷಯ.

ಮೊದಲು ಸ್ಟಾಪ್ ಕೇಬಲ್ ನೋಡಿದೆ. ಕೆಲವೊಮ್ಮೆ ಅದು ತುಕ್ಕು ಹಿಡಿದು ಎಳೆದಲ್ಲೇ ನಿಂತುಬಿಡುತ್ತದೆ. ಇಲ್ಲ, ನೋಝಲಿಗೆ ಡೀಸೆಲ್ ಒತ್ತುವ ಪಂಪಿನ ಲಿವರ್ ಸರಿಯಾಗಿ ಹಿಂದೆ ಬರುತ್ತಿತ್ತು. ಟ್ಯಾಂಕಿನಲ್ಲಿ ಡೀಸೆಲ್ ಇದೆ, ಕೋಲು ಇಳಿಸಿ ನೋಡಿದೆ. ಗಡಿಯ ಆಚೆ ಕರ್ನಾಟಕದ ಬಂಕಿನಲ್ಲಿ ಹಾಕಿಸಿದ್ದು. ಲೀಟರಿಗೆ ಕೆಲವು ರೂಪಾಯಿ ಉಳಿಯುತ್ತದೆ ಅಂತ ನಾವೆಲ್ಲ ಅಲ್ಲಿಗೇ ಓಡುವುದು. ನೀರು ಸೇರಿರಬಹುದಾ ಅಂತ ಫಿಲ್ಟರಿನ ಅಡಿಯ ಬೋಲ್ಟ್ ಬಿಚ್ಚಿ ಬಾಟಲಿಗೆ ಹಿಡಿದೆ. ನೀರಿದ್ದರೆ ಅಡಿಯಲ್ಲಿ ಬೇರೆಯಾಗಿ ನಿಲ್ಲುತ್ತದೆ. ಇರಲಿಲ್ಲ. ಬಂಕಿನವರ ಮೇಲೆ ಸುಮ್ನೆ ಅನುಮಾನ ಪಟ್ಟಿದ್ದೆ.

17ರ ಸ್ಪ್ಯಾನರ್ ಹಾಕಿ ಒಂದು ನೋಝಲ್ ಪೈಪಿನ ನಟ್ ಸಡಿಲ ಮಾಡಿ ಎಂಜಿನ್ ತಿರುಗಿಸಿದೆವು. ಡೀಸೆಲ್ ಚಿಮ್ಮಬೇಕು. ಒಂದು ಹನಿ ಕಂಡಿತು, ಜೊತೆಗೆ ನೊರೆ. ಗಾಳಿ ಹಿಡಿದಿದೆ! ಪಂಪ್ ಎಷ್ಟು ಒತ್ತಿದರೂ ಗಾಳಿ ಸ್ಪಂಜಿನ ಹಾಗೆ ಕುಗ್ಗುತ್ತದೆ ಅಷ್ಟೆ. ಅಂಥ ನೋಝಲ್ ಬಾಯಿ ತೆರೆಯಲು ಸುಮಾರು 200 ಬಾರ್ ಒತ್ತಡ ಬೇಕು. ಟಯರಿಗೆ ನಾವು ಹಾಕುವ ಗಾಳಿಯ ನೂರು ಪಟ್ಟು ಅಂತ ಅಂದಾಜು ಮಾಡಿ. ಗಾಳಿ ಇದ್ದರೆ ಆ ಒತ್ತಡ ಏರುವುದೇ ಇಲ್ಲ.

ಏರ್ ತೆಗೆಯುವುದು ನನಗೆ ಬರುತ್ತದೆ. ಫಿಲ್ಟರಿನ ಮೇಲಿನ ಬೋಲ್ಟ್ ಸಡಿಲ ಮಾಡಿ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಹ್ಯಾಂಡ್ ಪಂಪ್ ಒತ್ತುತ್ತಾ ಹೋದೆ. ಗುಳ್ಳೆ, ಗುಳ್ಳೆ, ಗುಳ್ಳೆ. ಸಾಮಾನ್ಯವಾಗಿ ಐವತ್ತು ಒತ್ತಿಗೆ ಗುಳ್ಳೆ ನಿಂತು ಬರೀ ಡೀಸೆಲ್ ಬರುತ್ತದೆ. ಇನ್ನೂರು ಒತ್ತಿದೆ. ಹೆಬ್ಬೆರಳಲ್ಲಿ ಬೊಬ್ಬೆ ಎದ್ದಿತು. ಗುಳ್ಳೆ ನಿಲ್ಲಲಿಲ್ಲ. ಅಂದರೆ ಒಳಗಿದ್ದ ಗಾಳಿ ಅಲ್ಲ, ಹೊಸದಾಗಿ ಗಾಳಿ ಬರುತ್ತಿದೆ. ಎಲ್ಲಿಂದ?

ಜೀಪಿನ ಅಡಿಗೆ ತೂರಿ ಮಲಗಿದೆ. ತೋಡಿನ ಬದಿ, ಕೆಸರು, ಜಿಗಣೆ. ಟಾರ್ಚ್ ಹಿಡಿದು ಪೈಪ್ ಉದ್ದಕ್ಕೂ ನೋಡಿದೆ. ಎಲ್ಲೂ ಡೀಸೆಲ್ ಸೋರಿದ ಗುರುತಿಲ್ಲ. ಒಣಗಿದ ಧೂಳು ಮಾತ್ರ. ಮತ್ತೆ ಫೋನ್ ಮಾಡಿ "ಎಲ್ಲೂ ಲೀಕ್ ಇಲ್ಲ" ಅಂದೆ. ಅವರು ನಕ್ಕರು. ಟ್ಯಾಂಕಿನಿಂದ ಫೀಡ್ ಪಂಪ್ ತನಕ ಡೀಸೆಲನ್ನು ಯಾರೂ ಒತ್ತುವುದಿಲ್ಲ, ಪಂಪ್ ಎಳೆಯುತ್ತದೆ. ಅಲ್ಲಿ ತೂತಾದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಒಣಗಿದ ಲೀಕ್ ಅದು ಅಂದರು. ಸ್ಟ್ರಾದಲ್ಲಿ ಸಣ್ಣ ತೂತಿದ್ದರೆ ಎಳನೀರು ಬರುವುದಿಲ್ಲ, ಆದರೆ ಅಂಗಿ ಒದ್ದೆಯಾಗುವುದೂ ಇಲ್ಲ.

"ಟ್ಯಾಂಕನ್ನು ಬಿಟ್ಟು ಕ್ಯಾನಿಂದ ಕುಡಿಸಿ ನೋಡು" ಅಂದರು ಕೊನೆಗೆ.

ಟಿಲ್ಲರಿಗೆ ಅಂತ ಇಟ್ಟಿದ್ದ ಐದು ಲೀಟರ್ ಡೀಸೆಲ್ ಕ್ಯಾನ್ ಇತ್ತು. ಶೆಡ್ ಕಟ್ಟಿದ ಮೇಸ್ತ್ರಿ ಬಿಟ್ಟುಹೋದ ಲೆವೆಲ್ ಟ್ಯೂಬಿನ ತುಂಡೂ ಸಿಕ್ಕಿತು. ನೀರು ತುಂಬಿಸಿ ಮಟ್ಟ ನೋಡುತ್ತಾರಲ್ಲ, ಅದೇ. ಗಾಜಿನ ಹಾಗೆ ಒಳಗೆ ಕಾಣುತ್ತದೆ, ನಮಗೆ ಬೇಕಾದದ್ದೂ ಅದೇ. ಒರೆಸಿ, ಒಂದು ತುದಿ ಕ್ಯಾನಿಗೆ, ಇನ್ನೊಂದು ಫೀಡ್ ಪಂಪಿಗೆ. ಹ್ಯಾಂಡ್ ಪಂಪ್ ಒತ್ತಿದೆ. ಟ್ಯೂಬಿನಲ್ಲಿ ಡೀಸೆಲ್ ಒಂದೇ ಗೆರೆಯಾಗಿ ಏರಿತು. ಮೂವತ್ತು ಒತ್ತಿಗೆ ಫಿಲ್ಟರಿನ ಗುಳ್ಳೆ ನಿಂತಿತು. ಬೋಲ್ಟ್ ಬಿಗಿ, ಪಂಪಿನ ಏರ್ ತೆಗೆದು ಅದೂ ಬಿಗಿ. ನೋಝಲ್ ನಟ್ ಸಡಿಲ ಇಟ್ಟು ತಿರುಗಿಸಿದಾಗ ಪಿಚ್ ಪಿಚ್ ಅಂತ ಡೀಸೆಲ್ ಹಾರಿತು. ಅದನ್ನೂ ಬಿಗಿ ಮಾಡಿ ಕೀ ತಿರುಗಿಸಿದರೆ, ಮೊದಲು ಒಂದು ಕೆಮ್ಮು, ಬಿಳಿ ಹೊಗೆಯ ಮೋಡ, ಆಮೇಲೆ ಡಗಡಗಡಗ. ಭಾವ ಅಷ್ಟು ಹೊತ್ತಿಗೆ ಟ್ರ್ಯಾಕ್ಟರ್ ಬ್ಯಾಟರಿ ಹೊತ್ತುಕೊಂಡು ಇಳಿದು ಬಂದರು. ಅವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಪಂಪ್ ಸರಿ, ಫಿಲ್ಟರ್ ಸರಿ, ನೋಝಲ್ ಸರಿ. ಉಳಿದದ್ದು ಟ್ಯಾಂಕಿನಿಂದ ಪಂಪ್ ತನಕದ ಪೈಪ್ ಮಾತ್ರ. ಆಗ ನೆನಪಾಯಿತು. ಹೋದ ವರ್ಷ ಟ್ಯಾಂಕಿನ ಹತ್ತಿರದ ರಬ್ಬರ್ ಪೈಪ್ ಒಡೆದಾಗ, ಅಂಗಡಿಗೆ ಹೋಗಲು ಉದಾಸೀನವಾಗಿ ಒಂದು ತುಂಡು ಹಾಕಿದ್ದೆ. ಮದ್ದು ಬಿಡುವ ಸ್ಪ್ರೇಯರಿನ ಹಳೇ ಪ್ಲಾಸ್ಟಿಕ್ ಹೋಸ್. ಅಳತೆಗೆ ಸರಿಯಾಗಿ ಕೂತಿತ್ತು, ನೋಡಲೂ ಗಟ್ಟಿ. ಆದರೆ ಅಂಥ ಪ್ಲಾಸ್ಟಿಕ್ ಡೀಸೆಲಿನಲ್ಲಿ ನೆನೆದರೆ ಅದರ ಮೆದು ಹೋಗಿ ಕಟ್ಟಿಗೆಯ ಹಾಗೆ ಆಗುತ್ತದೆ. ಕ್ಲಿಪ್ ಎಷ್ಟು ಬಿಗಿ ಮಾಡಿದರೂ ಹಿಡಿಯುವುದಿಲ್ಲ. ಬಿಚ್ಚಿ ಬಗ್ಗಿಸಿದೆ, ಚಕ್ಕುಲಿಯ ಹಾಗೆ ಮುರಿಯಿತು. ಕ್ಲಿಪ್ಪಿನ ಅಡಿಯಲ್ಲಿ ಕೂದಲೆಳೆಯ ಬಿರುಕು. ದಿನಾ ಓಡಿಸುವಾಗ ಆ ಬಿರುಕು ಸುದ್ದಿ ಮಾಡಿರಲಿಲ್ಲ. ಎರಡು ವಾರ ಮೂತಿ ಮೇಲೆ ಮಾಡಿ ನಿಲ್ಲಿಸಿದಾಗ ಗಾಳಿ ಹೊಕ್ಕಿ, ಪೈಪಿನಲ್ಲಿದ್ದ ಡೀಸೆಲ್ ಮೆಲ್ಲನೆ ಟ್ಯಾಂಕಿಗೆ ಇಳಿದುಹೋಗಿದೆ.

ಕ್ಯಾನನ್ನು ಬಾನೆಟ್ ಒಳಗೆ ಕಟ್ಟಿಕೊಂಡು ಓಡುವುದು ಅಪಾಯ. ಭಾವನ ಮಗನನ್ನು ಬೈಕಿನಲ್ಲಿ ಪೆರ್ಲಕ್ಕೆ ಓಡಿಸಿ ಡೀಸೆಲಿಗೇ ಇರುವ ರಬ್ಬರ್ ಹೋಸ್ ಒಂದಡಿ, ಎರಡು ಕ್ಲಿಪ್ ತರಿಸಿದೆ. ನೂರೈವತ್ತು ರೂಪಾಯಿ ಒಳಗೆ ಮುಗಿಯಿತು. ಇನ್ನೊಮ್ಮೆ ಏರ್ ತೆಗೆದು ಹೊರಟಾಗ ಗಂಟೆ ಹನ್ನೊಂದು.

ಮದ್ದು ಬಿಡುವವರು ಪುಣ್ಯಕ್ಕೆ ಬೇರೆಯವರ ಜೊತೆ ಹೋಗಿರಲಿಲ್ಲ, ಅಡ್ಕಸ್ಥಳದ ಹೋಟೆಲಿನಲ್ಲಿ ಕೂತು ನನ್ನ ಲೆಕ್ಕದಲ್ಲಿ ಗೋಳಿಬಜೆ ತಿನ್ನುತ್ತಿದ್ದರು. ಕೆಳಗಿನ ತೋಟ ಅರ್ಧ ಮುಗಿಯುವಾಗ ಪಡುವಣದಲ್ಲಿ ಕಪ್ಪಾಯಿತು. ಮೂರೂವರೆಗೆ ಮಳೆ. ಉಳಿದ ಅರ್ಧಕ್ಕೆ ಮತ್ತೆ ಒಂಬತ್ತು ದಿನ ಕಾಯಬೇಕಾಯಿತು.

ರಾತ್ರಿ ಮೆಕ್ಯಾನಿಕ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಪ್ಲಾಸ್ಟಿಕ್ ಪೈಪ್ ಅಂದ ಕೂಡಲೇ ಅವರ ಸ್ವರ ಬದಲಾಯಿತು.

"ಆ ಪೈಪ್ ಪಾಡಿನಿ ಏರ್?" ಹಾಕಿದ್ದು ಯಾರು ಅಂತ.

"ಗೊತ್ತುಜ್ಜಿ" ಅಂದೆ.