ಕಾರ್ಡ್ ಹೇಗೆ ಇಡ್ಬೇಕು ಅನ್ನೋಕೆ ಮುಂಚೆ ಏನು ಸೇರಿಸ್ತಿದೀವಿ ಅನ್ನೋದು

ಟ್ರೇಡಿಂಗ್ ಕಾರ್ಡ್, ಅಂದ್ರೆ ಪೋಕಿಮಾನ್, ಆಟಗಾರರ ಚಿತ್ರ ಇರೋಂಥ ಕಾರ್ಡುಗಳನ್ನ, ಸೇರಿಸೋಕೆ ಹೊಸದಾಗಿ ಶುರು ಮಾಡಿದೋರು ಎಲ್ರೂ ಮೊದಲು ಕೇಳೋದು ಇದನ್ನೇ, ಪಾಕೆಟ್ ಪುಟಗಳಿರೋ ಬೈಂಡರ್ ತಗೊಳ್ಲಾ, ಒಂದೊಂದೇ ಕಾರ್ಡ್ ಹಿಡಿಸೋ ಗಟ್ಟಿ ಪ್ಲಾಸ್ಟಿಕ್ ಟಾಪ್‌ಲೋಡರ್ ತಗೊಳ್ಲಾ, ಇಲ್ಲಾ ಒಳ್ಳೆ ಕಾರ್ಡ್ ಬಂದ್ರೆ ಸೀದಾ ಗ್ರೇಡಿಂಗ್‌ಗೆ, ಅಂದ್ರೆ ಕಾರ್ಡ್ ಎಷ್ಟು ಚೆನ್ನಾಗಿದೆ ಅಂತ ನೋಡಿ ನಂಬರ್ ಕೊಡೋ ಕಂಪನಿಗೆ, ಕಳಿಸಿಬಿಡ್ಲಾ ಅಂತ. ಕೇಳಿದೋರಿಗೆಲ್ಲ ಒಬ್ಬೊಬ್ಬರು ಒಂದೊಂದು ಹೇಳ್ತಾರೆ, ತಾವು ಯಾವ್ದು ಬಳಸ್ತಾರೋ ಅದೇ ಸರಿ ಅಂತ. ನನ್ನ ಪ್ರಕಾರ ಪ್ಲಾಸ್ಟಿಕ್ ಯಾವ್ದು ಅನ್ನೋದು ಆಮೇಲಿನ ಮಾತು. ನೀವು ಸೇರಿಸ್ತಿರೋದು ಏನು, ಅದನ್ನ ಎಷ್ಟು ಸಲ ತೆಗೆದು ನೋಡ್ತೀರಿ, ಮುಂದೆ ಅದಕ್ಕೆ ಇನ್ನೇನು ಸೇರುತ್ತೆ, ಇಷ್ಟು ಗೊತ್ತಾದ್ರೆ ಎಲ್ಲಿಡ್ಬೇಕು ಅನ್ನೋದು ತಾನಾಗೇ ತೀರ್ಮಾನ ಆಗುತ್ತೆ. ಯಾಕಂದ್ರೆ ಕಾರ್ಡ್ ಇಟ್ಟ ಜಾಗದಲ್ಲಿ ಸುಮ್ನೆ ಕೂತು ಹಾಳಾಗೋದು ಕಮ್ಮಿ, ತೆಗೆಯೋವಾಗ ಹಾಕೋವಾಗ ಹಾಳಾಗೋದೇ ಜಾಸ್ತಿ. ಹಾಗಾಗಿ ಯಾವ ರೀತಿ ಇಟ್ರೆ ನಿಮ್ಮ ಕಾರ್ಡ್ ಕಮ್ಮಿ ಓಡಾಡುತ್ತೋ ಅದೇ ನಿಮಗೆ ಒಳ್ಳೇ ರೀತಿ.

ಒಂದು ಕಾರ್ಡನ್ನ ಪೆನ್ನಿ ಸ್ಲೀವ್‌ಗೆ ಹಾಕೋದನ್ನೇ ತಗೊಳ್ಳಿ. ಪೆನ್ನಿ ಸ್ಲೀವ್ ಅಂದ್ರೆ ಆ ತೆಳ್ಳಗಿನ ಮೆತ್ತನೆ ಪ್ಲಾಸ್ಟಿಕ್ ಕವರ್, ಎಲ್ಲದಕ್ಕಿಂತ ಅಗ್ಗದ್ದು, ಆದ್ರೂ ಅದಿಲ್ದೆ ಏನೂ ನಡೆಯಲ್ಲ. ಕಾರ್ಡನ್ನ ಎರಡೂ ಅಂಚಲ್ಲಿ ಹಿಡ್ಕೊಂಡು, ಸ್ಲೀವ್‌ನ ಬಾಯಿ ಸ್ವಲ್ಪ ಒತ್ತಿ ಅಗಲ ಮಾಡಿ, ಒಂದು ಮೂಲೆ ಮೊದಲು ಒಳಗೆ ಹೋಗೋ ಹಾಗೆ ಸ್ವಲ್ಪ ಓರೆ ಮಾಡಿ ಬಿಟ್ರೆ ಅದು ತನ್ನ ಭಾರಕ್ಕೇ ಇಳಿಯುತ್ತೆ. ನೇರವಾಗಿ ತಳ್ಳಿದ್ರೆ ಕೆಳಗಿನ ಮೂಲೆ ಸ್ಲೀವ್ ಬಾಯಿಯ ಅಂಚಿಗೆ ತಾಗುತ್ತೆ, ಅಲ್ಲೇ ಬಿಳೀ ಚುಕ್ಕಿ ಕಾಣಿಸ್ಕೊಳ್ಳುತ್ತೆ, ಅದನ್ನೇ ಎಲ್ರೂ ವೈಟ್ನಿಂಗ್ ಅನ್ನೋದು. ಕಡು ಬಣ್ಣದ ಬಾರ್ಡರ್ ಇರೋ ಕಾರ್ಡಲ್ಲಿ, ಪೋಕಿಮಾನ್ ಕಾರ್ಡ್‌ನ ನೀಲಿ ಹಿಂಬದಿಯಲ್ಲಿ, ಅದು ಕಣ್ಣಿಗೆ ಹೊಡೆಯೋ ಹಾಗೆ ಕಾಣುತ್ತೆ. ಆಮೇಲೆ ಸ್ಲೀವ್ ಸಮೇತ ಟಾಪ್‌ಲೋಡರ್‌ಗೆ. ಸ್ಲೀವ್ ಇಲ್ದೆ ಬರೀ ಕಾರ್ಡನ್ನ ಟಾಪ್‌ಲೋಡರ್‌ಗೆ ಹಾಕಿದ್ರೆ ಒಳಗಿನ ಗಟ್ಟಿ ಪ್ಲಾಸ್ಟಿಕ್ ಮೇಲೆ ಕಾರ್ಡ್ ಉಜ್ಜಿ ಉಜ್ಜಿ ಗೀರು ಬೀಳುತ್ತೆ, ಹೊಳೆಯೋ ಫಾಯಿಲ್ ಮತ್ತೆ ಕ್ರೋಮ್ ಕಾರ್ಡಲ್ಲಂತೂ ಆ ಗೀರು ಬೆಳಕಿಗೆ ಹಿಡಿದ ತಕ್ಷಣ ಗೊತ್ತಾಗುತ್ತೆ. ಟಾಪ್‌ಲೋಡರ್ ಬಾಯಿ ಮುಚ್ಚೋಕೆ ಮಾಮೂಲಿ ಸೆಲ್ಲೋಟೇಪ್ ಹಾಕ್ಬೇಡಿ, ಅದರ ಅಂಟು ಉಳ್ಕೊಂಡು ಮುಂದೆ ಕಾರ್ಡ್ ಹೊರಗೆ ತೆಗೆಯೋವಾಗ ಕಾರ್ಡಿಗೇ ಹತ್ತುತ್ತೆ. ಅಂಟು ಉಳಿಸದ ಪೇಂಟರ್ಸ್ ಟೇಪ್ ಹಾಕಿ, ತುದಿ ಒಂಚೂರು ಮಡಚಿ ಬಿಡಿ, ಎಳೆದ್ರೆ ನೀಟಾಗಿ ಬರುತ್ತೆ.

ಈಗ ಸೆಟ್ ಪೂರ್ತಿ ಮಾಡೋರ ವಿಷಯ. ನನಗೆ ತುಂಬಾ ಇಷ್ಟವಾದ ರೀತಿ ಇದು, ಹಾಗಾಗಿ ಸ್ವಲ್ಪ ಉದ್ದ ಹೇಳ್ತೀನಿ. ಸೆಟ್ ಬಿಲ್ಡ್ ಮಾಡೋರಿಗೆ ಬೈಂಡರ್ ಬಿಟ್ರೆ ಬೇರೆ ಏನೂ ಸರಿ ಹೋಗಲ್ಲ, ಯಾಕಂದ್ರೆ ಅವರ ಖುಷಿ ಇರೋದೇ ಪುಟ ತಿರುಗಿಸೋದ್ರಲ್ಲಿ, ಒಂಬತ್ತು ಕಾರ್ಡ್ ಒಟ್ಟಿಗೆ ಕಾಣೋದ್ರಲ್ಲಿ, ಖಾಲಿ ಇರೋ ಪಾಕೆಟ್ ನೋಡಿ ಇದೊಂದು ಸಿಕ್ಕಿಬಿಟ್ರೆ ಈ ಪುಟ ಆಯ್ತು ಅನ್ನೋದ್ರಲ್ಲಿ. ಆದ್ರೆ ಮೊದಲ ಕಾರ್ಡ್ ಹಾಕೋಕೆ ಮುಂಚೆ ತೀರ್ಮಾನ ಮಾಡ್ಬೇಕಾದ್ದು ಒಂದಿದೆ, ಬರೀ ಮಾಮೂಲಿ ಕಾರ್ಡುಗಳ ಬೇಸ್ ಸೆಟ್ಟಾ, ಅವುಗಳ ಬೇರೆ ಬೇರೆ ರೂಪಗಳೂ ಸೇರಿದ ಮಾಸ್ಟರ್ ಸೆಟ್ಟಾ ಅಂತ. 2023ರಲ್ಲಿ ಬಂದ ಪೋಕಿಮಾನ್ 151 ಸೆಟ್ ನೋಡಿ, ಕಾರ್ಡ್ ಮೇಲೆ ಅಚ್ಚಾಗಿರೋ ಲೆಕ್ಕ 165, ಆದ್ರೆ ಆ ಲೆಕ್ಕದಾಚೆ ಬರೋ ಸೀಕ್ರೆಟ್ ಕಾರ್ಡುಗಳೆಲ್ಲ ಸೇರಿ ನಂಬರ್ 207ರ ತನಕ ಹೋಗುತ್ತೆ. ಅದ್ರ ಮೇಲೆ ಮಾಮೂಲಿ ಕಾರ್ಡುಗಳಿಗೆ ರಿವರ್ಸ್ ಹೋಲೋ ಬೇರೆ, ಅಂದ್ರೆ ಚಿತ್ರ ಬಿಟ್ಟು ಉಳಿದ ಭಾಗ ಹೊಳೆಯೋ ಅದೇ ಕಾರ್ಡ್. ಬರೀ ನಂಬರ್ ಪ್ರಕಾರ ಒಂದೊಂದು ಅಂದ್ರೆ ಒಂಬತ್ತು ಪಾಕೆಟ್‌ನ 23 ಮುಖಗಳಿಗೆ 207 ಕಾರ್ಡ್ ಕರೆಕ್ಟಾಗಿ ಕೂರುತ್ತೆ, ಒಂದೂ ಪಾಕೆಟ್ ಮಿಗಲ್ಲ. ರಿವರ್ಸ್ ಹೋಲೋ ಕೂಡ ಬೇಕು, ಅದು ಮಾಮೂಲಿ ಕಾರ್ಡ್ ಪಕ್ಕದಲ್ಲೇ ಇರ್ಬೇಕು ಅಂತ ಅರ್ಧ ದಾರಿಲಿ ಅನ್ನಿಸ್ತು ಅಂದ್ರೆ ಮುಗೀತು, ಎರಡನೇ ಪಾಕೆಟ್ಟಿಂದ ಹಿಡಿದು ಕೊನೇ ತನಕ ಎಲ್ಲಾ ಕಾರ್ಡನ್ನೂ ಒಂದೊಂದಾಗಿ ತೆಗೆದು ಮುಂದಕ್ಕೆ ಸರಿಸ್ಬೇಕು, ಮೂಲೆಗಳು ಪೆಟ್ಟು ತಿನ್ನೋದು ಈ ಸರಿಸಾಟದಲ್ಲೇ. ಆಮೇಲೆ ಮನಸ್ಸು ಬದಲಾಗ್ಬಹುದು ಅನ್ನೋರು ರಿವರ್ಸ್ ಹೋಲೋಗೆ ಬೈಂಡರ್‌ನ ಹಿಂದಿನ ಭಾಗ ಬಿಟ್ಕೊಳ್ಳಿ, ಸೀಕ್ರೆಟ್ ರೇರ್ ಎಲ್ಲಾ ಮುಗಿದ ಮೇಲೆ ಅವು ಶುರುವಾಗ್ಲಿ, ಏನನ್ನೂ ಅಲ್ಲಾಡಿಸೋ ಹಾಗಿರಲ್ಲ.

ಬೈಂಡರಲ್ಲೂ ಎಲ್ಲಾ ಒಂದೇ ಅಲ್ಲ. ಆಫೀಸ್ ಫೈಲ್ ತರ ದುಂಡಗಿನ ರಿಂಗ್ ಇರೋದ್ರಲ್ಲಿ ಒಳಗಡೆ ಸಾಲಿನ ಕಾರ್ಡುಗಳ ಮೇಲೆ ರಿಂಗ್ ಒತ್ತಿ ಒತ್ತಿ ಗುಳಿ ಬೀಳುತ್ತೆ, ಅದನ್ನ ಏನು ಮಾಡಿದ್ರೂ ಹೋಗ್ಸೋಕಾಗಲ್ಲ. ರಿಂಗ್ ಬೇಕೇ ಬೇಕು ಅಂದ್ರೆ ಡಿ ಆಕಾರದ್ದು ತಗೊಳ್ಳಿ, ಅದ್ರಲ್ಲಿ ಪುಟಗಳು ಒಂದರ ಮೇಲೊಂದು ಸಮವಾಗಿ ಕೂರುತ್ತೆ. ಇಲ್ಲಾಂದ್ರೆ ರಿಂಗೇ ಇಲ್ಲದ, ಪುಟ ಹೊಲಿದಿರೋ, ಸುತ್ತ ಜಿಪ್ ಇರೋ ಸೈಡ್ ಲೋಡಿಂಗ್ ಬೈಂಡರ್, ಅದ್ರಲ್ಲಿ ಪಾಕೆಟ್ ಬಾಯಿ ಮೇಲ್ಗಡೆ ಇರಲ್ಲ, ಒಳಪಕ್ಕಕ್ಕಿರುತ್ತೆ, ಬೈಂಡರ್ ತಲೆಕೆಳಗಾದ್ರೂ ಕಾರ್ಡ್ ಜಾರಲ್ಲ. ಇನ್ನೊಂದು, ಪುಟ ಯಾವ ಪ್ಲಾಸ್ಟಿಕ್ ಅಂತ ನೋಡ್ಲೇಬೇಕು. ಪಾಲಿಪ್ರೊಪಿಲೀನ್ ಆದ್ರೆ ಸರಿ. ಹಳೇ ಕಾಲದ ಮೆತ್ತನೆ ಪಿವಿಸಿ ಪುಟ ಆದ್ರೆ ಅದನ್ನ ಮೆತ್ತಗೆ ಮಾಡೋಕೆ ಹಾಕಿರೋ ಕೆಮಿಕಲ್ ವರ್ಷಗಳು ಕಳೆದ ಹಾಗೆ ಹೊರಗೆ ಬಂದು ಪುಟ ಅಂಟಂಟಾಗುತ್ತೆ, ಕಾರ್ಡ್‌ನ ಇಂಕ್ ಪ್ಲಾಸ್ಟಿಕ್‌ಗೇ ಹತ್ಕೊಳ್ಳುತ್ತೆ. ಹೊಸ ಮಳೆಕೋಟಿನ ತರ ಘಾಟು ಹೊಡೀತಿದ್ರೆ ಆ ಪುಟ ಬೇಡವೇ ಬೇಡ. ಟಾಪ್‌ಲೋಡರ್ ಕೂಡ ಪಿವಿಸಿನೇ, ಆದ್ರೆ ಅದು ಗಟ್ಟಿ ಪಿವಿಸಿ, ಜೊತೆಗೆ ಮಧ್ಯೆ ಸ್ಲೀವ್ ಇರುತ್ತೆ, ಹಾಗಾಗಿ ಅಷ್ಟು ಭಯ ಇಲ್ಲ.

ಸೆಟ್ ಬೇಡ, ನನಗೆ ಒಬ್ಬನೇ ಆಟಗಾರ, ಇಲ್ಲಾ ಒಂದೇ ಪೋಕಿಮಾನ್, ಇಲ್ಲಾ ಒಬ್ಬರೇ ಚಿತ್ರಕಾರರು ಬರೆದ ಕಾರ್ಡುಗಳು ಸಾಕು ಅನ್ನೋರದ್ದು ಬೇರೆ ಲೋಕ. ಅವರಲ್ಲೂ ರೇನ್‌ಬೋ ಹಿಂದೆ ಬೀಳೋರಿದ್ದಾರೆ, ಅಂದ್ರೆ ಒಂದೇ ಕಾರ್ಡ್‌ನ ಎಲ್ಲಾ ಬಣ್ಣದ ರೂಪಗಳು (ಪ್ಯಾರಲಲ್‌ಗಳು), 99 ಮಾತ್ರ ಅಚ್ಚಾದದ್ದು, 25 ಅಚ್ಚಾದದ್ದು, 10, 5, ಕೊನೇಗೆ ಇಡೀ ಜಗತ್ತಿಗೆ ಒಂದೇ ಇರೋ ಒನ್ ಆಫ್ ಒನ್. ಸ್ಪೋರ್ಟ್ಸ್ ಕಾರ್ಡಲ್ಲಿ 1993ರ ಟಾಪ್ಸ್ ಫೈನೆಸ್ಟ್ ಸೆಟ್ ರಿಫ್ರ್ಯಾಕ್ಟರ್‌ಗಳನ್ನ, ಅಂದ್ರೆ ಬೆಳಕಿಗೆ ಕಾಮನಬಿಲ್ಲಿನ ಹಾಗೆ ಹೊಳೆಯೋ ಕಾರ್ಡುಗಳನ್ನ, ತಂದಾಗಿಂದ ಈ ಹೊಳೆಯೋ ಪ್ಯಾರಲಲ್‌ಗಳ ಹುಚ್ಚು ಹೆಚ್ಚಾಗ್ತಾ ಬಂತು, ಈಗಂತೂ ಒಂದೊಂದು ಸೆಟ್ಟಲ್ಲಿ ಎಷ್ಟು ಬಣ್ಣ ಅಂದ್ರೆ ಚೆಕ್‌ಲಿಸ್ಟ್ ಕೈಯಲ್ಲಿ ಇಟ್ಕೊಳ್ದೇ ಹೇಳೋಕಾಗಲ್ಲ. ಇಂಥೋರಿಗೆ ಬೈಂಡರ್ ಕೈ ಕೊಡೋದು ದಪ್ಪದಲ್ಲಿ. ಕಾರ್ಡ್ ದಪ್ಪವನ್ನ ಪಾಯಿಂಟಲ್ಲಿ ಹೇಳ್ತಾರೆ, ಒಂದು ಪಾಯಿಂಟ್ ಅಂದ್ರೆ ಒಂದಿಂಚಿನ ಸಾವಿರದಲ್ಲಿ ಒಂದು ಭಾಗ. ಮಾಮೂಲಿ ಕಾರ್ಡಿಗೆ 35 ಪಾಯಿಂಟ್ ಟಾಪ್‌ಲೋಡರ್ ಸಾಕು, ಜೆರ್ಸಿ ತುಂಡು ಅಂಟಿಸಿರೋ ಪ್ಯಾಚ್ ಕಾರ್ಡ್ ಬಂತು ಅಂದ್ರೆ 130 ಬೇಕಾಗುತ್ತೆ, ಕೆಲವಕ್ಕೆ ಅದೂ ಸಾಲಲ್ಲ. ಬಿಗಿಯಾದ್ರಲ್ಲಿ ತುರುಕಿದ್ರೆ ಅಂಚು ಒಡೆಯುತ್ತೆ, ಸಡಿಲ ಆದ್ರೆ ಒಳಗೇ ಅಲ್ಲಾಡಿ ಮೂಲೆ ಸವೆಯುತ್ತೆ, ಎರಡೂ ತಪ್ಪು. ನನ್ನ ಕೇಳಿದ್ರೆ ಇಂಥ ಕಲೆಕ್ಷನ್ನಿಗೆ ಟಾಪ್‌ಲೋಡರ್ ಹಿಡಿಸೋ ಡಬ್ಬ, ಮಧ್ಯೆ ಡಿವೈಡರ್, ವರ್ಷದ ಪ್ರಕಾರ ನಿಲ್ಸಿರೋ ಸಾಲು, ಇದೇ ಸರಿ. ಎಲ್ಲಕ್ಕಿಂತ ಮೆಚ್ಚಿದ ಒಂದೆರಡಕ್ಕೆ ಮ್ಯಾಗ್ನೆಟ್ ಇರೋ ಒನ್ ಟಚ್ ಕೇಸ್ ಹಾಕಿ ಕಣ್ಣೆದುರು ಇಟ್ಕೊಳ್ಳಿ, ಆದ್ರೆ ಕಿಟಕಿ ಪಕ್ಕ ಬೇಡ. ಯುವಿ ತಡೆಯುತ್ತೆ ಅಂತ ಕೇಸ್ ಮೇಲೆ ಬರೆದಿದ್ರೂ ಬಿಸಿಲಿಗೆ ಇಟ್ರೆ ಸಹಿ ಮೊದಲು ಮಾಸೋಕೆ ಶುರುವಾಗುತ್ತೆ, ಆಮೇಲೆ ಬಣ್ಣ.

ಫಾಯಿಲ್ ಕಾರ್ಡ್ ಬಾಗೋದ್ರ ಬಗ್ಗೆ ಎಲ್ರೂ ಬೇಜಾರು ಮಾಡ್ಕೋತಾರೆ. ಅದ್ರ ಕಾರಣ ಸಿಂಪಲ್. ಕಾರ್ಡ್‌ನ ಕಾಗದ ಗಾಳಿಯ ತೇವ ಹೀರುತ್ತೆ, ಹಿಗ್ಗುತ್ತೆ, ಒಣಗಿದ್ರೆ ಕುಗ್ಗುತ್ತೆ. ಮುಂದಿನ ಫಾಯಿಲ್ ಪದರ ಹಾಗೆ ಮಾಡಲ್ಲ, ಅದು ಇದ್ದ ಹಾಗೇ ಇರುತ್ತೆ. ಎರಡೂ ಅಂಟ್ಕೊಂಡಿರೋದ್ರಿಂದ ಒಂದು ಹಿಗ್ಗಿ ಇನ್ನೊಂದು ಹಿಗ್ಗದೇ ಹೋದ್ರೆ ಕಾರ್ಡ್ ಬಾಗ್ಲೇಬೇಕು. ತೇವ ಜಾಸ್ತಿ ಆದಾಗ ಕಾಗದದ ಕಡೆ ಹಿಗ್ಗಿ ಅಂಚುಗಳು ಮುಖದ ಕಡೆಗೆ ಏಳುತ್ತೆ, ತೀರಾ ಒಣಗಿದ್ರೆ ಉಲ್ಟಾ, ಹಿಂದಕ್ಕೆ ಬಾಗುತ್ತೆ. ಅದಕ್ಕೇ ಬಾಗಿದ ಕಾರ್ಡನ್ನ ಭಾರದ ಪುಸ್ತಕದಡಿ ಇಟ್ಟು ನೆಟ್ಟಗೆ ಮಾಡ್ತೀನಿ ಅನ್ನೋದು ತಾತ್ಕಾಲಿಕ ಕೆಲಸ, ತೇವ ಸರಿ ಆಗದಿದ್ರೆ ಮತ್ತೆ ಬಾಗುತ್ತೆ. 50 ಪರ್ಸೆಂಟ್ ಆಸುಪಾಸಿನ ತೇವ, ಅದೂ ಏರಿಳಿತ ಇಲ್ದೆ ಇದ್ರೆ ಕಾರ್ಡಿಗೆ ಸುಖ. ಮುಚ್ಚಳ ಟೈಟಾಗಿ ಕೂರೋ ಡಬ್ಬದಲ್ಲಿ ತೇವ ಹೀರಿ ಮತ್ತೆ ಬೇಕಾದಾಗ ಬಿಡೋ ಹ್ಯುಮಿಡಿಟಿ ಪ್ಯಾಕ್ ಹಾಕೋದು ನನಗೆ ಸಿಲಿಕಾ ಜೆಲ್‌ಗಿಂತ ಸರಿ ಅನ್ಸುತ್ತೆ, ಸಿಲಿಕಾ ಜೆಲ್ ಬರೀ ಹೀರುತ್ತೆ, ಡಬ್ಬ ಚಿಕ್ಕದಿದ್ದು ಪೊಟ್ಟಣ ಜಾಸ್ತಿ ಆದ್ರೆ ಬೇಕಾದ್ದಕ್ಕಿಂತ ಒಣಗಿಸಿಬಿಡುತ್ತೆ. ಏನೇ ಹಾಕಿದ್ರೂ ಒಳಗೊಂದು ತೇವ ಅಳೆಯೋ ಪುಟ್ಟ ಹೈಗ್ರೋಮೀಟರ್ ಇಡಿ, ಊಹೆ ಮೇಲೆ ನಡೆಸ್ಬೇಡಿ.

ಗ್ರೇಡಿಂಗ್ ಬಗ್ಗೆ ನನಗೆ ಸ್ವಲ್ಪ ಗಟ್ಟಿ ಅಭಿಪ್ರಾಯನೇ ಇದೆ. ಗ್ರೇಡಿಂಗ್ ಕಂಪನಿಗಳಲ್ಲಿ ಪಿಎಸ್‌ಎ 1991ರಿಂದ ಇದೆ, ಬೆಕೆಟ್, ಎಸ್‌ಜಿಸಿ, ಸಿಜಿಸಿ ಎಲ್ಲಾ ಆಮೇಲೆ ಬಂದದ್ದು. ಸೆಂಟರಿಂಗ್ (ಚಿತ್ರ ಸರಿಯಾಗಿ ಮಧ್ಯದಲ್ಲಿದೆಯಾ ಅನ್ನೋದು), ಮೂಲೆ, ಅಂಚು, ಮೇಲ್ಮೈ, ಈ ನಾಲ್ಕನ್ನ ನೋಡಿ ಹತ್ತರ ತನಕ ನಂಬರ್ ಕೊಟ್ಟು ಸ್ಲ್ಯಾಬ್ ಅನ್ನೋ ಗಟ್ಟಿ ಪ್ಲಾಸ್ಟಿಕ್ ಕೇಸಲ್ಲಿ ಸೀಲ್ ಮಾಡ್ತಾರೆ. ಸಹಿ ಇರೋ ಕಾರ್ಡ್, ನಕಲಿ ಜಾಸ್ತಿ ಓಡಾಡೋ ಹಳೇ ಕಾರ್ಡ್, ಮುಂದೆ ಮಾರೋ ಯೋಚನೆ ಇರೋ ಕಾರ್ಡ್, ಇವಕ್ಕೆ ಗ್ರೇಡಿಂಗ್ ಮಾಡಿಸೋದು ನ್ಯಾಯ. ಆದ್ರೆ ಪ್ಯಾಕಿಂದ ಬಂದ ಚೆನ್ನಾಗಿರೋ ಕಾರ್ಡನ್ನೆಲ್ಲ ಕಳಿಸ್ಬೇಕು ಅನ್ನೋ ಅಭ್ಯಾಸ ಇದ್ಯಲ್ಲ, ಅದು ಸೇರಿಸೋ ಖುಷಿನ ತಿಂದುಹಾಕುತ್ತೆ. ಎಲ್ರೂ ಹಾಗೇ ಮಾಡಿದ್ದಕ್ಕೆ 2021ರ ಮಾರ್ಚಲ್ಲಿ ಪಿಎಸ್‌ಎ ರಾಶಿ ಬಿದ್ದ ಕಾರ್ಡುಗಳನ್ನ ಮುಗಿಸೋಕಾಗ್ದೇ ತನ್ನ ಬಹುಪಾಲು ಸರ್ವಿಸ್‌ಗಳನ್ನ ನಿಲ್ಲಿಸಿತ್ತು. ಇನ್ನು ಜಾಗ, ಬೈಂಡರ್‌ನ ಒಂದು ಪುಟದಲ್ಲಿ ಹಿಡಿಯೋ ಒಂಬತ್ತು ಕಾರ್ಡಿಗೆ ಸ್ಲ್ಯಾಬ್ ಆದ್ರೆ ಅರ್ಧ ಡಬ್ಬ ಬೇಕು. ಸ್ಲ್ಯಾಬ್ ಆದ್ಮೇಲೆ ಚಿಂತೆ ಇಲ್ಲ ಅಂತಾನೂ ತಿಳ್ಕೋಬೇಡಿ, ಅದರೊಳಗೆ ಗಾಳಿ ಹೋಗಲ್ಲ ನೀರು ಹೋಗಲ್ಲ ಅಂತೇನಿಲ್ಲ, ಹೊರಗೆ ಗೀರೂ ಬೀಳುತ್ತೆ, ಅದಕ್ಕೂ ಒಂದು ಕವರ್ ಹಾಕ್ಬೇಕು. ಕಳಿಸೋದಿದ್ರೆ ಟಾಪ್‌ಲೋಡರಲ್ಲಿ ಬೇಡ, ಸ್ವಲ್ಪ ಬಗ್ಗೋ ಸೆಮಿ ರಿಜಿಡ್ ಕವರಲ್ಲಿ ಕಳಿಸಿ, ಅವರಿಗೆ ಕಾರ್ಡ್ ಹೊರಗೆ ತೆಗೆಯೋಕೆ ಸುಲಭ.

ಆಡೋಕೆ ಅಂತಾನೇ ಕಾರ್ಡ್ ಇಟ್ಕೊಂಡೋರು, ಮ್ಯಾಜಿಕ್ ಆಗ್ಲಿ ಯು-ಗಿ-ಓ ಆಗ್ಲಿ, ಡಬಲ್ ಸ್ಲೀವ್ ಮಾಡಿ. ಒಳಗಿನ ಬಿಗಿ ಸ್ಲೀವ್ ಬಾಯಿ ಕೆಳಗೆ, ಹೊರಗಿನದ್ರ ಬಾಯಿ ಮೇಲೆ, ಧೂಳಿಗೆ ದಾರಿನೇ ಇರಲ್ಲ. ಯು-ಗಿ-ಓ ಕಾರ್ಡ್ ಅಗಲ 59 ಮಿಲಿಮೀಟರ್, ಮ್ಯಾಜಿಕ್ ಮತ್ತೆ ಪೋಕಿಮಾನ್ 63, ಒಂದರ ಸ್ಲೀವ್ ಇನ್ನೊಂದಕ್ಕೆ ಆಗಲ್ಲ, ತಗೊಳ್ಳೋವಾಗ ಪ್ಯಾಕೆಟ್ ಮೇಲೆ ಜಪಾನೀಸ್ ಸೈಜಾ (ಯು-ಗಿ-ಓಗೆ) ಸ್ಟ್ಯಾಂಡರ್ಡ್ ಸೈಜಾ (ಉಳಿದೆರಡಕ್ಕೆ) ಅಂತ ನೋಡ್ಕೊಳ್ಳಿ.

ಉಳಿದ ಬಲ್ಕ್, ಅಂದ್ರೆ ರಾಶಿಗಟ್ಟಲೆ ಸೇರೋ ಮಾಮೂಲಿ ಕಾರ್ಡಿಗೆ ಸ್ಲೀವ್ ಬೇಡವೇ ಬೇಡ, ರಟ್ಟಿನ ಉದ್ದ ಡಬ್ಬ ಸಾಕು, 800 ಹಿಡಿಸೋದು ಎತ್ತೋಕೆ ಸುಲಭ, 3200 ಹಿಡಿಸೋದು ತುಂಬಿದ್ಮೇಲೆ ತಳ ಕಿತ್ತು ಬರೋಷ್ಟು ಭಾರ. ಡಬ್ಬ ತೀರಾ ಬಿಗಿಯಾಗಿ ತುಂಬಬೇಡಿ, ಅರ್ಧ ಖಾಲಿನೂ ಬಿಡಬೇಡಿ, ಖಾಲಿ ಇದ್ರೆ ಕಾರ್ಡುಗಳು ಒಂದ್ಕಡೆ ವಾಲಿ ಹಾಗೇ ಬಾಗಿ ನಿಲ್ಲುತ್ತೆ, ಆ ಜಾಗಕ್ಕೆ ಸ್ಪಂಜಿನ ತುಂಡು ಇಡಿ. ರಬ್ಬರ್ ಬ್ಯಾಂಡ್ ಅಂತೂ ಹಾಕ್ಲೇಬೇಡಿ. ಇಷ್ಟೊಂದು ಬಲ್ಕ್ ಮುಂದೆ ಬೆಲೆ ಬಾಳುತ್ತೆ ಅಂತ ಇಡೋದಿದ್ರೆ, 1980ರ ದಶಕದ ಕೊನೆ, 90ರ ಶುರುವಿನ ಬೇಸ್‌ಬಾಲ್ ಕಾರ್ಡುಗಳ ಕಥೆ ಓದಿ, ಆಗ ಅಷ್ಟು ಅಚ್ಚು ಹಾಕಿದ್ರು, ಎಲ್ರೂ ಜೋಪಾನವಾಗಿ ಎತ್ತಿಟ್ರು, ಎಲ್ರ ಹತ್ರಾನೂ ಉಳೀತು, ಹಾಗಾಗಿ ಇವತ್ತಿಗೂ ಅದ್ರಲ್ಲಿ ಬಹುಪಾಲಿಗೆ ಬೆಲೆ ಇಲ್ಲ. ಅದನ್ನ ಜಂಕ್ ವ್ಯಾಕ್ಸ್ ಕಾಲ ಅಂತಾನೇ ಕರೀತಾರೆ. ಪ್ಯಾಕ್ ಒಡೀದೇ ಸೀಲ್ಡ್ ಬಾಕ್ಸ್ ಇಡೋರಿಗೂ ಇದೇ ಮಾತು ಅನ್ವಯ, ಜೊತೆಗೆ ಅವರು ಒಂದರ ಮೇಲೊಂದು ಪೇರಿಸಿದ್ರೆ ಕೆಳಗಿನ ಬಾಕ್ಸ್ ಮೂಲೆ ಜಜ್ಜುತ್ತೆ, ಶ್ರಿಂಕ್ ರ್‍ಯಾಪ್ ಸೀಳುತ್ತೆ, ಅಕ್ರಿಲಿಕ್ ಕೇಸ್ ಇರೋದೇ ಅದಕ್ಕೆ.

ಕೊನೇದಾಗಿ ಲೆಕ್ಕ ಬರೆದಿಡೋದು. ಆ್ಯಪಲ್ಲಿ ಇಡಿ, ಸ್ಪ್ರೆಡ್‌ಶೀಟಲ್ಲಿ ಇಡಿ, ಆದ್ರೆ ಕಾರ್ಡ್ ಹೆಸರು, ಸೆಟ್, ನಂಬರ್ ಜೊತೆಗೆ ಅದು ಯಾವ ಬೈಂಡರ್, ಯಾವ ಡಬ್ಬ, ಎಷ್ಟನೇ ಸಾಲಲ್ಲಿದೆ ಅನ್ನೋ ಕಾಲಂ ಒಂದು ಇರ್ಲೇಬೇಕು, ಒಂದು ಕಾರ್ಡ್ ಹುಡುಕೋಕೆ ನಾಲ್ಕು ಡಬ್ಬ ಕೆದಕೋದು ತಪ್ಪುತ್ತೆ. ಸೀರಿಯಲ್ ನಂಬರ್ ಇರೋದು, ಸಹಿ ಇರೋದು, ಸ್ಲ್ಯಾಬ್ ಆಗಿರೋದು, ಇವುಗಳ ಎರಡೂ ಮುಖದ ಫೋಟೋ ತೆಗೆದು, ಸ್ಲ್ಯಾಬ್ ಆದ್ರೆ ಸರ್ಟಿಫಿಕೇಟ್ ನಂಬರನ್ನೂ ಅದೇ ಸಾಲಲ್ಲಿ ಬರ್ಕೊಂಡು, ಆ ಫೈಲ್‌ನ ಒಂದು ಕಾಪಿ ಕಾರ್ಡ್ ಇರೋ ಮನೆಯಿಂದ ಹೊರಗೆ ಎಲ್ಲಾದ್ರೂ ಇಡಿ. ಕಳವಾದ್ರೆ ಕಂಪ್ಲೇಂಟ್ ಕೊಡೋಕೆ, ಇನ್ಶೂರೆನ್ಸ್ ಕೇಳೋಕೆ ಆ ಫೋಟೋಗಳು, ಆ ನಂಬರ್‌ಗಳೇ ಬೇಕಾಗೋದು.