ಗ್ರಿಫಿತ್: ನಾಲೆಯಿಂದ ಹುಟ್ಟಿದ ಊರು

ನಮ್ಮೂರು ಮದ್ದೂರು ಕಡೆ. ವಿಸಿ (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ಟರಾ ಅಂತ ಕೇಳಿಕೊಂಡೇ ಬೆಳೆದವಳು ನಾನು. ಹಾಗಾಗಿ ಮದುವೆಯಾಗಿ ಆಸ್ಟ್ರೇಲಿಯಾದ ಗ್ರಿಫಿತ್‌ಗೆ ಬಂದಾಗ ಮೊದಲು ಹತ್ತಿರ ಅನ್ನಿಸಿದ್ದು ಇಲ್ಲಿನ ನಾಲೆ.

ಸಿಡ್ನಿಯಿಂದ ಐನೂರು ಕಿಲೋಮೀಟರ್‌ಗೂ ಜಾಸ್ತಿ ಒಳಗಿರುವ ಊರು ಇದು. ಇಲ್ಲಿನ ಮೂಲನಿವಾಸಿಗಳಾದ ವಿರಾಡ್ಜುರಿ ಜನರ ನೆಲ. ವರ್ಷಕ್ಕೆ ಮಳೆ 400 ಮಿಲಿಮೀಟರ್ ಆಸುಪಾಸು, ಅಷ್ಟೇ. ಆದರೂ ಕಿತ್ತಳೆ, ದ್ರಾಕ್ಷಿ, ಭತ್ತ ಎಲ್ಲ ಬೆಳೀತಾರೆ. ನಾಲೆ ಮುಟ್ಟದ ಕಡೆ ಹೋದರೆ ಕೆಂಪು ಮಣ್ಣು, ಒಣ ಹುಲ್ಲು, ಕುರಿ.

ಈ ನಾಲೆಗೆ ನೀರು ಕೊಡುವ ಮರಂಬಿಜಿ ನದಿಗೆ ಬರಿಂಜಕ್ ಅಣೆಕಟ್ಟು ಕಟ್ಟಲು ಶುರು ಮಾಡಿದ್ದು 1907ರಲ್ಲಿ. ನಮ್ಮ ಕೆಆರ್‌ಎಸ್ ಕೆಲಸ ಶುರುವಾದದ್ದು 1911ರಲ್ಲಿ. ಹೆಚ್ಚುಕಮ್ಮಿ ಒಂದೇ ಕಾಲ ಅಲ್ವಾ! ಗ್ರಿಫಿತ್ ಊರಿನ ನಕ್ಷೆ ಬರೆದವರು ರಾಜಧಾನಿ ಕ್ಯಾನ್‌ಬೆರಾ ರೂಪಿಸಿದ ವಾಲ್ಟರ್ ಬರ್ಲಿ ಗ್ರಿಫಿನ್. ಅದಕ್ಕೇ ಇಲ್ಲೂ ರಸ್ತೆಗಳು ಬಳೆ ಬಳೆಯಾಗಿ ಸುತ್ತುತ್ತವೆ. ಅವರು ತೀರಿಕೊಂಡದ್ದು ನಮ್ಮ ಲಕ್ನೋದಲ್ಲಿ, 1937ರಲ್ಲಿ.

ಹಳೇ ಜಮೀನುಗಳ ತೂಬಿನ ಹತ್ತಿರ ಡೆತ್‌ರಿಜ್ ಚಕ್ರ ಅಂತ ಒಂದಿರುತ್ತದೆ. ಕಾಂಕ್ರೀಟ್ ತೊಟ್ಟಿಯೊಳಗೆ ತಗಡಿನ ದೊಡ್ಡ ಪೀಪಾಯಿ, ಅದರ ಸುತ್ತ ಮಡಚಿದ ರೆಕ್ಕೆಗಳು. ನೀರು ತಳ್ಳಿದಂತೆ ಚಕ್ರ ನಿಧಾನಕ್ಕೆ ತಿರುಗುತ್ತದೆ. ಎಷ್ಟು ಸುತ್ತು ತಿರುಗಿತೋ ಅಷ್ಟು ನೀರಿನ ಲೆಕ್ಕ. ಈಗ ಬಹಳ ಕಡೆ ಅದರ ಜಾಗಕ್ಕೆ ತಾನಾಗಿಯೇ ಏಳುವ, ಇಳಿಯುವ ಗೇಟು ಬಂದಿದೆ. ರೈತ ಮನೆಯಲ್ಲೇ ಕೂತು ನೀರು ಬುಕ್ ಮಾಡುತ್ತಾನೆ. ನಮ್ಮ ನೀರುಗಂಟಿ ಮಾಡುತ್ತಿದ್ದ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಕೊನೇ ಭಾಗದ ಗದ್ದೆಗೆ ನೀರು ಬರಲಿಲ್ಲ ಅಂತ ರಾತ್ರಿಯೆಲ್ಲ ನಾಲೆ ಏರಿ ಮೇಲೆ ಕಾಯುತ್ತಿದ್ದ ಅಪ್ಪನನ್ನು ನೋಡಿದವಳಿಗೆ ಇದು ಸಣ್ಣ ವಿಷಯವಲ್ಲ.

ಆದರೆ ಒಂದು ಮಾತ್ರ ನನಗೆ ಒಗ್ಗುವುದಿಲ್ಲ. ಇಲ್ಲಿ ನೀರಿನ ಹಕ್ಕು ಜಮೀನಿನಿಂದ ಬೇರೆ. ನೆಲ ಇಲ್ಲದವರೂ ಅದನ್ನು ಕೊಂಡು ಮಾರಬಹುದು. ಬರಗಾಲದಲ್ಲಿ ತೋಟದವರಿಗೆ ಮೊದಲ ಪಾಲು, ಭತ್ತದವರಿಗೆ ಉಳಿದದ್ದು. ಒಳ್ಳೆ ವರ್ಷ ದೇಶದಲ್ಲಿ ಲಕ್ಷಗಟ್ಟಲೆ ಟನ್ ಬರುವ ಭತ್ತ 2020ರಲ್ಲಿ 50 ಸಾವಿರ ಟನ್ ಕೂಡ ಮುಟ್ಟಲಿಲ್ಲ. ಮರ ಒಣಗಿದರೆ ವರ್ಷಗಳ ಶ್ರಮ ಹೋಗುತ್ತದೆ, ಅದು ಸರಿ. ಆದರೂ ಬಿತ್ತುವವರ ಕೈಯಲ್ಲೇ ನೀರು ಇರಬೇಕು ಅನ್ನೋದು ನನ್ನ ಮನಸ್ಸಿನ ಮಾತು.

ಜನರ ವಿಷಯಕ್ಕೆ ಬಂದರೆ, ಇಟಲಿಯ ವೆನೆಟೊ, ಕಲಾಬ್ರಿಯಾ ಕಡೆಯಿಂದ ಬಂದ ಕುಟುಂಬಗಳು ಊರಿನ ಬೆನ್ನೆಲುಬು. ಪಕ್ಕದ ಮನೆಯ ಅಜ್ಜಿ ಬೇಸಿಗೆ ಕೊನೆಗೆ ಟೊಮೆಟೊ ಬೇಯಿಸಿ ವರ್ಷಕ್ಕಾಗುವಷ್ಟು ಬಾಟಲಿಗೆ ತುಂಬುತ್ತಾರೆ. ಮೊಮ್ಮಕ್ಕಳೆಲ್ಲ ಸೇರುತ್ತಾರೆ, ನನ್ನನ್ನೂ ಕರೆಯುತ್ತಾರೆ. ಆಮೇಲೆ ಬಂದವರು ಪಂಜಾಬಿನ ಸಿಖ್ಖರು. ಜೂನ್‌ನ ರಜಾ ವಾರಾಂತ್ಯದಲ್ಲಿ ಅವರ ಕ್ರೀಡಾಕೂಟಕ್ಕೆ ದೇಶದ ಮೂಲೆ ಮೂಲೆಯಿಂದ ಸಾವಿರಾರು ಜನ ಬರುತ್ತಾರೆ. ಅಲ್ಲಿನ ಕಬಡ್ಡಿ ದುಂಡನೆಯ ಅಂಕಣದ್ದು, ನಮ್ಮದಕ್ಕಿಂತ ಬೇರೆ. ಊಟ ಎಲ್ಲರಿಗೂ ಪುಕ್ಕಟೆ.

ಅಕ್ಟೋಬರ್‌ನಲ್ಲಿ ಊರಿನ ಮುಖ್ಯ ರಸ್ತೆ ಬನ್ನಾ ಅವೆನ್ಯೂ ನಡುವೆ ಕಿತ್ತಳೆಯ ಗೊಂಬೆಗಳು ಏಳುತ್ತವೆ. ಕಬ್ಬಿಣದ ಚೌಕಟ್ಟಿಗೆ ಒಂದೊಂದೇ ಹಣ್ಣನ್ನು ರಬ್ಬರ್ ಬ್ಯಾಂಡಿನಿಂದ ಬಿಗಿಯಬೇಕು. ಜಾಸ್ತಿ ಎಳೆದರೆ ಬ್ಯಾಂಡ್ ಪಟ್ ಅಂತ ಹರಿಯುತ್ತದೆ, ಸಡಿಲ ಬಿಟ್ಟರೆ ಹಣ್ಣು ಉದುರುತ್ತದೆ. ಸ್ವಯಂಸೇವಕರಾಗಿ ಯಾರು ಬೇಕಾದರೂ ಸೇರಬಹುದು. ಈ ಕಡೆ ಬರುವವರು ಅದೇ ಸಮಯಕ್ಕೆ ಬನ್ನಿ, ಕೈಗೆ ಕೆಲಸ ನಾನು ಕೊಡಿಸುತ್ತೇನೆ.