ಟೆಂಪ್ಲೇಟ್ ಹಾಳೆ ಪಕ್ಕಕ್ಕಿಡಿ, ಕ್ರಿಯಾಪದ ಎಣಿಸಿ

ಹೋದ ವಾರದ ಐಇಎಲ್‌ಟಿಎಸ್ (ಇಂಗ್ಲಿಷ್ ಪರೀಕ್ಷೆ) ಮಾಕ್ ಟೆಸ್ಟ್‌ನಲ್ಲಿ ನರ್ಸ್‌ಗಳ ಬ್ಯಾಚ್‌ನ ಟಾಸ್ಕ್ ಟೂ, ಅಂದರೆ ಪ್ರಬಂಧ, ತಿದ್ದುತ್ತಿದ್ದರೆ, ಯಾರ ಪ್ರಬಂಧ ತೆಗೆದರೂ 'ನಾಟ್ ಓನ್ಲಿ... ಬಟ್ ಆಲ್ಸೋ' ಎಂದೇ ಶುರು. ಕೋರ್ಸ್ ಕಿಟ್‌ನಲ್ಲಿ ಮ್ಯಾನೇಜ್‌ಮೆಂಟ್ ಇಡುವ ಟೆಂಪ್ಲೇಟ್ ಹಾಳೆಯೇ (ಸಿದ್ಧ ವಾಕ್ಯಗಳ ಪಟ್ಟಿ) ಇದಕ್ಕೆ ಕಾರಣ. ತೆಗೆಯಿರಿ ಎಂದರೆ ಕೇಳುವವರಿಲ್ಲ.

ಐಇಎಲ್‌ಟಿಎಸ್ ಬರೆದು ಬ್ರಿಟನ್ನಿನಲ್ಲಿ ನರ್ಸ್‌ಗಳನ್ನು ನೋಂದಾಯಿಸುವ ಎನ್‌ಎಂಸಿಗೆ ಅರ್ಜಿ ಹಾಕುವವರಿಗೆ ರೈಟಿಂಗ್‌ನಲ್ಲಿ 6.5 ಬ್ಯಾಂಡ್ (ಅಂಕ) ಬೇಕು. ಅದರ ಕಾಲು ಭಾಗ ಗ್ರಾಮರ್‌ನದು. ಸರಳ, ಸಂಕೀರ್ಣ ವಾಕ್ಯಗಳು ಬೆರೆತಿದ್ದರೆ ಬ್ಯಾಂಡ್ 6ರ ಮಟ್ಟ. 7ಕ್ಕೆ ಬಗೆಬಗೆಯ ರಚನೆಗಳ ಜೊತೆಗೆ ತಪ್ಪಿಲ್ಲದ ವಾಕ್ಯಗಳು ಮತ್ತೆ ಮತ್ತೆ ಸಿಗಬೇಕು. ಬಾಯಿಪಾಠದ ಚೌಕಟ್ಟು ಅಲ್ಲಿಗೆ ಮುಟ್ಟಿಸುವುದಿಲ್ಲ.

ಫೀಡ್‌ಬ್ಯಾಕ್‌ಗೆ ಕೂತಾಗ ಒಬ್ಬರು ಕೇಳಿದರು: "ಗ್ರಾಮರ್ ಸರಿಯಾಗೇ ಇದೆಯಲ್ಲ ಮೇಡಂ, ಇಲ್ಲಿ ಯಾಕೆ ಕೆಂಪು ಗೆರೆ?" ವಾಕ್ಯ ಇದು: 'ಆಫ್ಟರ್ ಗಿವಿಂಗ್ ದಿ ಇಂಜೆಕ್ಷನ್, ದಿ ಫೀವರ್ ಕೇಮ್ ಡೌನ್.' 'ಇಂಜೆಕ್ಷನ್ ಕೊಟ್ಟ ಮೇಲೆ ಜ್ವರ ಇಳಿಯಿತು' ಎನ್ನುವಾಗ ಕೊಟ್ಟವರು ಯಾರೆಂದು ಕನ್ನಡದಲ್ಲಿ ಯಾರೂ ಕೇಳುವುದಿಲ್ಲ. ಇಂಗ್ಲಿಷಿನಲ್ಲಿ ಅಲ್ಪವಿರಾಮದ ಆಚೆ ನಿಂತ ಕರ್ತೃವೇ ಕೊಟ್ಟದ್ದು ಎಂದಾಗುತ್ತದೆ, ಅಂದರೆ ಇಂಜೆಕ್ಷನ್ ಕೊಟ್ಟದ್ದು ಜ್ವರ. ಎರಡು ದಾರಿ ಇವೆ: 'ಆಫ್ಟರ್ ದಿ ಇಂಜೆಕ್ಷನ್ ವಾಸ್ ಗಿವನ್' ಎನ್ನಿ, ಇಲ್ಲವೇ ಅಲ್ಪವಿರಾಮದ ನಂತರ 'ದಿ ನರ್ಸ್ ನೋಟಿಸ್ಡ್ ದಟ್...' ಎಂದು ನರ್ಸನ್ನೇ ತನ್ನಿ. ನಮ್ಮ 'ಮಾಡಿ', 'ಕೊಟ್ಟು', 'ಹೋದ ಮೇಲೆ' ಇಂಗ್ಲಿಷಿಗೆ ಬರುವ ಕಡೆಯೆಲ್ಲ ಈ ತಪ್ಪು ಕಾದಿರುತ್ತದೆ.

ಉಳಿದ ತಪ್ಪುಗಳಲ್ಲಿ ಹೆಚ್ಚಿನವು ಎಣಿಕೆಯಲ್ಲೇ ಸಿಕ್ಕಿಬೀಳುತ್ತವೆ. ವಾಕ್ಯದಲ್ಲಿ ಕಾಲ ತೋರಿಸುವ ಕ್ರಿಯಾಪದಗಳಿಗೆ ಗೆರೆ ಎಳೆಯಿರಿ. 'ಹ್ಯಾಸ್ ಬೀನ್ ಗಿವನ್' ಪೂರ್ತಿ ಸೇರಿ ಒಂದು. 'ಟು ಗೋ', 'ಗಿವಿಂಗ್' ಲೆಕ್ಕಕ್ಕಿಲ್ಲ. ಆಮೇಲೆ 'ಹೂ', 'ವಿಚ್', 'ಬಿಕಾಸ್', 'ಆಲ್ದೋ', 'ಬಟ್' ಥರದ ಕೊಂಡಿಗಳಿಗೆ ಸುತ್ತು ಹಾಕಿ. ಕೊಂಡಿ ಸಾಮಾನ್ಯವಾಗಿ ಕ್ರಿಯಾಪದಕ್ಕಿಂತ ಒಂದು ಕಡಿಮೆ ಇರಬೇಕು.

'ದಿ ಪೇಷೆಂಟ್ ಹೂ ಟುಕ್ ದಿ ಟ್ಯಾಬ್ಲೆಟ್ಸ್ ವಿಚ್ ದಿ ಡಾಕ್ಟರ್ ಪ್ರಿಸ್ಕ್ರೈಬ್ಡ್ ರಿಕವರ್ಡ್': ಮೂರು ಕ್ರಿಯಾಪದ, ಎರಡು ಕೊಂಡಿ, ಸರಿ. ಕೊನೆಯ 'ರಿಕವರ್ಡ್' ಬಿಟ್ಟುಹೋದರೆ ಎರಡಕ್ಕೆ ಎರಡು, ವಾಕ್ಯ ಮುಗಿದಿಲ್ಲ. ನಾವು 'ಡಾಕ್ಟರು ಬರೆದುಕೊಟ್ಟ ಮಾತ್ರೆ ತಗೊಂಡ ಪೇಷೆಂಟ್' ಎಂದು ವಿವರಣೆಯನ್ನೆಲ್ಲ ಮುಂದೆ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಅದು ಹಿಂದೆ ಬೀಳುವುದರಿಂದ, ಬರೆಯುತ್ತಾ ಮುಖ್ಯ ಕ್ರಿಯಾಪದವೇ ಮರೆತುಹೋಗುತ್ತದೆ. 'ಆಲ್ದೋ... ಬಟ್' ಒಟ್ಟಿಗೆ ಬಂದರೂ ಎಣಿಕೆ ತಪ್ಪುತ್ತದೆ, ಒಂದನ್ನು ಹೊಡೆದುಹಾಕಿ. 'ಐ ಥಿಂಕ್ ಹೀ ಈಸ್ ರೈಟ್' ಎಂಬಲ್ಲಿ ಅಡಗಿದ 'ದಟ್' ಅನ್ನೂ ಎಣಿಸಬೇಕು. 'ವಿಚ್ ದಿ ಡಾಕ್ಟರ್ ಪ್ರಿಸ್ಕ್ರೈಬ್ಡ್ ದೆಮ್' ಎಂಬಂಥ ಹೆಚ್ಚುವರಿ 'ದೆಮ್' ಮಾತ್ರ ಎಣಿಕೆಗೆ ಸಿಗದು, ಕಣ್ಣಲ್ಲೇ ಹುಡುಕಬೇಕು.

ಅಭ್ಯಾಸಕ್ಕೆ ಹೊಸ ವಾಕ್ಯ ಹುಡುಕಬೇಡಿ. ನಿಮ್ಮದೇ ಹಳೆಯ ಪ್ರಬಂಧದಲ್ಲಿ ಅಕ್ಕಪಕ್ಕದ ಎರಡು ಚಿಕ್ಕ ವಾಕ್ಯ ಹಿಡಿದು, ಅವುಗಳ ನಡುವಿನ ಸಂಬಂಧ ಕಾರಣದ್ದೋ ವಿರೋಧದ್ದೋ ಷರತ್ತಿನದ್ದೋ ನೋಡಿ, ಒಂದೇ ಕೊಂಡಿಯಲ್ಲಿ ಸೇರಿಸಿ. ಸಂಬಂಧವೇ ಇಲ್ಲದಿದ್ದರೆ ಹಾಗೇ ಬಿಡಿ. ಪರೀಕ್ಷೆಯಲ್ಲಿ ಟಾಸ್ಕ್ ಟೂಗೆ ಇಟ್ಟುಕೊಳ್ಳುವ 40 ನಿಮಿಷದಲ್ಲಿ ಕೊನೆಯ ನಾಲ್ಕನ್ನು ಉದ್ದದ ವಾಕ್ಯಗಳ ಎಣಿಕೆಗೇ ಇಡಿ. ಲೆಕ್ಕ ಕೂಡದ ವಾಕ್ಯವನ್ನು ರಿಪೇರಿ ಮಾಡುತ್ತಾ ಕೂರಬೇಡಿ, ಫುಲ್‌ಸ್ಟಾಪ್ ಹಾಕಿ ಎರಡು ಮಾಡಿ.